ಶಿಲಾಸ್ತರಗಳ ಗಡಿ ಗುರುತಿಸಿ ಹೆಸರಿಡುವ ಕ್ರಮ: ಧಾರವಾಡ ಸೀಮೆಯ ಕ್ಷೇತ್ರಕಾರ್ಯಕ್ಕೊಂದು ಕೈಪಿಡಿ

ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನಕ್ಕೆ ಪರಿಚಯವಾದದ್ದು 1880ರ ದಶಕದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಭಾರತದ ಚಿನ್ನ ಹೊತ್ತ ಶಿಸ್ಟ್ ಶಿಲೆಗಳನ್ನು (ಕಾವು-ಒತ್ತಡಗಳಿಂದ ಬದಲಾಗಿ ಹಾಳೆಗಳಂತೆ ಸೀಳುವ ಶಿಲೆ) ಸುತ್ತಲಿನ ನೈಸ್‌ನಿಂದ (ಪಟ್ಟೆಪಟ್ಟೆಯಾಗಿ ಕಾಣುವ, ಗ್ರಾನೈಟ್‌ನಂಥ ರೂಪಾಂತರ ಶಿಲೆ) ಬೇರ್ಪಡಿಸಿ, ಆ ಶಿಲೆಗಳಿಗೆ ‘ಧಾರ್ವಾರ್ ಸಿಸ್ಟಮ್’ ಎಂದು ಹೆಸರಿಟ್ಟರು. ಅವರು ಮಾಡಿದ ಕೆಲಸ ಎರಡು: ಒಂದು ಶಿಲೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂದು ನಿರ್ಧರಿಸಿದ್ದು ಮತ್ತು ಹಾಗೆ ಬೇರ್ಪಟ್ಟ ಭಾಗಕ್ಕೆ ಹೆಸರು ಕೊಟ್ಟದ್ದು. ಇಂದು ಕಪ್ಪತಗುಡ್ಡದ ತಪ್ಪಲಿಗೋ ರಾಣೆಬೆನ್ನೂರಿನ ಹಳ್ಳಗಳಿಗೋ ನಕ್ಷೆ ತಯಾರಿಸಲು ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಚಿಕ್ಕ ಪ್ರಮಾಣದಲ್ಲಿ ಇದೇ ಎರಡು ಕೆಲಸಗಳನ್ನು ಮಾಡುತ್ತಾನೆ. ಆ ಕೆಲಸವನ್ನು ಕ್ರಮವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಎಲ್ಲ ಹಂತಗಳಿಗೂ ಅನ್ವಯಿಸುವ ಅಳತೆಗೋಲು ಒಂದೇ: ನೀವು ಬರೆದಿಟ್ಟ ವಿವರಣೆಯನ್ನು ಓದಿಕೊಂಡು ನಿಮ್ಮನ್ನು ಎಂದೂ ನೋಡಿರದ ವ್ಯಕ್ತಿಯೊಬ್ಬರು ಅದೇ ಹಳ್ಳಕ್ಕೆ ಹೋಗಿ, ಅದೇ ಬಂಡೆಯ ಮೇಲೆ, ನೀವು ಬೆರಳಿಟ್ಟ ಜಾಗದಲ್ಲೇ ಬೆರಳಿಡುವಂತಾಗಬೇಕು.

ಗಡಿಗೆ ಮೊದಲು ಘಟಕ

ಗಡಿಯ ಮಾತಿಗಿಂತ ಮೊದಲು ಯಾವ ಘಟಕದ ಗಡಿ ಎಂಬುದು ಸ್ಪಷ್ಟವಾಗಬೇಕು. ಸ್ತರವಿಜ್ಞಾನದಲ್ಲಿ ಮೂಲ ಘಟಕವನ್ನು ಫಾರ್ಮೇಶನ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಶಿಲಾಲಕ್ಷಣಗಳಿಂದ ಮೇಲಿನ ಮತ್ತು ಕೆಳಗಿನ ಶಿಲೆಗಳಿಗಿಂತ ಬೇರೆಯೆಂದು ಗುರುತಿಸಬಹುದಾದ, ನಕ್ಷೆಯ ಮೇಲೆ ಬಿಡಿಸಲು ಸಾಧ್ಯವಾಗುವಷ್ಟು ವಿಸ್ತಾರವಿರುವ ಶಿಲಾರಾಶಿಯೇ ಫಾರ್ಮೇಶನ್. ಅದರ ದಪ್ಪಕ್ಕೆ ನಿಗದಿತ ಮಿತಿಯಿಲ್ಲ. ಅದರ ವಯಸ್ಸು ಅದನ್ನು ನಿರ್ಧರಿಸುವ ಲಕ್ಷಣವಲ್ಲ. ಫಾರ್ಮೇಶನ್ನಿನ ಒಳಗಿನ ವಿಶಿಷ್ಟ ಭಾಗ ಮೆಂಬರ್, ಅದಕ್ಕಿಂತ ಚಿಕ್ಕದು ಬೆಡ್. ಹಲವು ಫಾರ್ಮೇಶನ್‌ಗಳು ಸೇರಿದರೆ ಗ್ರೂಪ್, ಗ್ರೂಪ್‌ಗಳು ಸೇರಿದರೆ ಸೂಪರ್‌ಗ್ರೂಪ್. ಫೂಟ್ ಅವರ ‘ಸಿಸ್ಟಮ್’ ಇಂದಿನ ಬಳಕೆಯಲ್ಲಿ ಧಾರವಾಡ ಸೂಪರ್‌ಗ್ರೂಪ್ ಆಗಿದ್ದು, ಅದರೊಳಗೆ ಬಾಬಾಬುಡನ್ ಗ್ರೂಪ್ ಮತ್ತು ಅದರ ಮೇಲಿನ ಚಿತ್ರದುರ್ಗ ಗ್ರೂಪ್ ಬರುತ್ತವೆ.

ನಕ್ಷೆಯಲ್ಲಿ ಬಿಡಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಸಿಗುತ್ತದೆ. ನಾವು ಬಳಸುವ ಟೋಪೋಶೀಟ್‌ಗಳು (ನೆಲದ ಏರುತಗ್ಗು ತೋರಿಸುವ ನಕ್ಷೆಗಳು), ಅಂದರೆ ಹುಬ್ಬಳ್ಳಿ ಮತ್ತು ಗದಗಗಳು ಬರುವ 48 ಎಂ ಹಾಗೂ ಹಾವೇರಿ ಮತ್ತು ರಾಣೆಬೆನ್ನೂರುಗಳು ಬರುವ 48 ಎನ್ ಸರಣಿಯ ಹಾಳೆಗಳು, 1:50,000 ಪ್ರಮಾಣದವು. ಅವುಗಳ ಮೇಲೆ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ನೆಲದ ಮೇಲೆ 20 ಮೀಟರ್ ಅಗಲದಲ್ಲಿ ಕಾಣಿಸಿಕೊಳ್ಳುವ ಪಟ್ಟಿ ಕಬ್ಬಿಣಶಿಲೆಯ (ಕಬ್ಬಿಣದ ಖನಿಜ ಮತ್ತು ಬೆಣಚಿನ ಪಟ್ಟಿಗಳು ಒಂದಾದ ಮೇಲೊಂದು ಬರುವ ಶಿಲೆ) ಪದರವು ಎಷ್ಟೇ ಎದ್ದು ಕಂಡರೂ ಆ ಹಾಳೆಯ ಮೇಲೆ ಅರ್ಧ ಮಿಲಿಮೀಟರ್ ಕೂಡ ಆಗುವುದಿಲ್ಲ. ಅಂಥದ್ದನ್ನು ಮೆಂಬರ್ ಅಥವಾ ಗುರುತಿನ ಪದರವೆಂದು ದಾಖಲಿಸುವುದೇ ಸರಿ.

ಎಲ್ಲಿ ಹುಡುಕಬೇಕು

ನಮ್ಮ ಸೀಮೆಯ ದೊಡ್ಡ ತೊಡಕೆಂದರೆ ಶಿಲೆ ಕಾಣದಿರುವುದು. ಎರೆ ಭೂಮಿಯಲ್ಲಿ ಕಪ್ಪು ಮಣ್ಣು ಗಡಿಯನ್ನು ಪೂರ್ತಿ ಮುಚ್ಚಿರುತ್ತದೆ. ಮಸಾರಿ ಭೂಮಿಯಲ್ಲಿ ಗರಸು ಸಿಗುತ್ತದೆಯಾದರೂ ಅದು ಯಾವ ಶಿಲೆಯದೆಂದು ಹೇಳುವುದು ಸುಲಭವಲ್ಲ. ಧಾರವಾಡದಿಂದ ಪಶ್ಚಿಮಕ್ಕೆ ಸರಿದಂತೆ ಜಂಬಿಟ್ಟಿಗೆ ಕಲ್ಲಿನ ಹೊದಿಕೆ ಎದುರಾಗುತ್ತದೆ. ಆದ್ದರಿಂದ ಹಳ್ಳದ ಪಾತ್ರ, ತೆರೆದ ಬಾವಿಯ ಗೋಡೆ, ಕಲ್ಲು ಕ್ವಾರಿ, ಹೆದ್ದಾರಿ ಅಥವಾ ರೈಲುಮಾರ್ಗಕ್ಕಾಗಿ ಗುಡ್ಡ ಕಡಿದ ಜಾಗಗಳನ್ನು ಮೊದಲು ಟೋಪೋಶೀಟ್ ಮತ್ತು ಉಪಗ್ರಹ ಚಿತ್ರಗಳಲ್ಲಿ ಗುರುತು ಹಾಕಿಕೊಂಡು ಹೊರಡಬೇಕು. ಹಳ್ಳಗಳು ಬತ್ತಿ, ಹುಲ್ಲು ಒಣಗಿರುವ ಬೇಸಿಗೆಯ ಆರಂಭವೇ ಈ ಕೆಲಸಕ್ಕೆ ತಕ್ಕ ಕಾಲ. ಬಾವಿಗೆ ಇಳಿಯುವ ಮುನ್ನ ಹೊಲದವರ ಒಪ್ಪಿಗೆ ಪಡೆಯಬೇಕು. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಸುತ್ತಿಗೆಯನ್ನು ಚೀಲದಿಂದ ಹೊರತೆಗೆಯದೆಯೂ ಒಂದು ಗಡಿಯನ್ನು ಬಹುಮಟ್ಟಿಗೆ ಓದಬಹುದು.

ಧಾರವಾಡ ಶಿಲೆಗಳ ಪದರಗಳು ಸ್ಥೂಲವಾಗಿ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಹಬ್ಬಿವೆ ಮತ್ತು ಹೆಚ್ಚಿನ ಕಡೆ ಕಡಿದಾಗಿ, ಕೆಲವೆಡೆ ನೆಟ್ಟಗೆ ನಿಂತಿವೆ. ಪದರಗಳ ದಿಕ್ಕಿನಲ್ಲೇ ನಡೆದರೆ ಇಡೀ ದಿನ ಒಂದೇ ಶಿಲೆಯ ಮೇಲೆ ನಡೆದಂತಾಗುತ್ತದೆ. ಆದ್ದರಿಂದ ಸ್ಥೂಲವಾಗಿ ಪೂರ್ವ-ಪಶ್ಚಿಮವಾಗಿ, ಪದರಗಳಿಗೆ ಅಡ್ಡಲಾಗಿ ಹರಿಯುವ ಹಳ್ಳವನ್ನು ಆರಿಸಿಕೊಳ್ಳಬೇಕು.

ಬಣ್ಣದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಫಿಲೈಟ್, ಅಂದರೆ ಕೆಸರು ಗಟ್ಟಿಯಾಗಿ ಒತ್ತಡದಿಂದ ಹಾಳೆಹಾಳೆಯಾದ ಶಿಲೆ, ಸವೆದು ಕೊಳೆತಾಗ ಒಂದೇ ಪದರವು ಮೇಲೆ ಕೆಂಪಾಗಿ, ನಡುವೆ ಹಳದಿಯಾಗಿ, ಕೆಳಗೆ ಬೂದು ಬಣ್ಣದಲ್ಲಿ ಕಾಣಬಹುದು. ಆ ಬಣ್ಣದ ಗೆರೆ ಮಳೆನೀರು ಇಳಿದ ಆಳವನ್ನು ತೋರಿಸುತ್ತದೆಯೇ ಹೊರತು ಶಿಲೆ ಬದಲಾದದ್ದನ್ನಲ್ಲ. ಜಂಬಿಟ್ಟಿಗೆ ಕಲ್ಲಿನ ತಳವೂ ಹಾಗೆಯೇ: ಅದು ಹಲವು ಶಿಲೆಗಳನ್ನು ಅಡ್ಡಹಾಯ್ದು ಹೋಗುತ್ತದೆ.

ಗಡಿಯ ಬಗೆಯನ್ನು ಓದುವುದು

ಹಳ್ಳದಲ್ಲಿ ಎರಡು ಶಿಲೆಗಳು ಎದುರುಬದುರಾದ ಜಾಗ ಸಿಕ್ಕಿದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಇದರ ಹೆಸರೇನು’ ಎಂಬುದಲ್ಲ, ‘ಇವೆರಡೂ ಇಲ್ಲಿ ಹೇಗೆ ಕೂಡಿಕೊಂಡವು’ ಎಂಬುದು. ಒಂದರ ಮೇಲೊಂದು ಎಡೆಬಿಡದೆ ಸಂಚಯನಗೊಂಡವೇ, ನಡುವೆ ಕಾಲದ ಅಂತರವಿದೆಯೇ, ಒಂದು ಇನ್ನೊಂದರೊಳಗೆ ಕರಗಿದ ರೂಪದಲ್ಲಿ ನುಗ್ಗಿತೇ, ಅಥವಾ ನೆಲದ ಒತ್ತಡದಿಂದ ಜಾರಿ ಬಂದು ಪಕ್ಕ ಸೇರಿದವೇ ಎಂಬ ನಾಲ್ಕು ಸಾಧ್ಯತೆಗಳನ್ನು ಒಂದೊಂದಾಗಿ ಪರೀಕ್ಷಿಸದೆ ಗಡಿಗೆ ಯಾವ ಅರ್ಥವನ್ನೂ ಕೊಡಬಾರದು.

ಮೊದಲ ಬಗೆಯದು ರಾಣೆಬೆನ್ನೂರು ಸುತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ಇಲ್ಲಿನ ಗ್ರೇವ್ಯಾಕ್ ಶಿಲೆಗಳಿಂದಾಗಿಯೇ ಆ ಊರಿನ ಹೆಸರು ಸ್ತರವಿಜ್ಞಾನಕ್ಕೆ ಸೇರಿದೆ. ಗ್ರೇವ್ಯಾಕ್ ಎಂದರೆ ಮರಳು ಮತ್ತು ಕೆಸರು ಬೆರೆತು ಆಳ ನೀರಿನಲ್ಲಿ ಸಂಚಯನಗೊಂಡು ಗಟ್ಟಿಯಾದ ಕಪ್ಪು-ಬೂದು ಶಿಲೆ. ಅದರ ಒಂದು ಪದರವನ್ನು ನೀರು ಹಾಕಿ ತೊಳೆದು ಕೈಮಸೂರದಿಂದ ನೋಡಿದರೆ ಒಂದು ಅಂಚಿನಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್‌ನ ದಪ್ಪ ಕಣಗಳು, ಅಲ್ಲಿಂದ ಕ್ರಮೇಣ ಸಣ್ಣ ಕಣಗಳು, ಕೊನೆಗೆ ಕಣವೇ ಕಾಣದ ನುಣುಪಾದ ಕಪ್ಪು ಕೆಸರಿನ ಭಾಗ ಕಾಣಿಸುತ್ತವೆ. ಅದರಾಚೆಗೆ ಮತ್ತೊಂದು ಪದರದ ದಪ್ಪ ಕಣಗಳು ಹಠಾತ್ತನೆ ಆರಂಭವಾಗುತ್ತವೆ. ದಪ್ಪ ಕಣಗಳ ಅಂಚೇ ಆ ಪದರದ ತಳ, ಏಕೆಂದರೆ ಕದಡಿದ ನೀರಿನಲ್ಲಿ ಭಾರದ ಕಣಗಳೇ ಮೊದಲು ತಳ ಸೇರುತ್ತವೆ. ಪದರಗಳು ನೆಟ್ಟಗೆ ನಿಂತಾಗ ‘ಮೇಲಿನದು ಹೊಸದು’ ಎಂಬ ನಿಯಮವನ್ನು ನೇರವಾಗಿ ಅನ್ವಯಿಸಲಾಗದು. ಆಗ ಈ ಕಣಗಳ ಕ್ರಮವೇ ಕಿರಿಯ ದಿಕ್ಕನ್ನು ತೋರಿಸುತ್ತದೆ. ದಪ್ಪ ಕಣ ಪಶ್ಚಿಮಕ್ಕೂ ನುಣುಪು ಭಾಗ ಪೂರ್ವಕ್ಕೂ ಇದ್ದರೆ ಶಿಲೆಗಳು ಪೂರ್ವದ ಕಡೆಗೆ ಕಿರಿಯವಾಗುತ್ತಿವೆ ಎಂದರ್ಥ. ಬಸಾಲ್ಟ್ ಇರುವಲ್ಲಿ ದಿಂಬಿನಾಕಾರದ ಲಾವಾ ಉಂಡೆಗಳ ಉಬ್ಬಿದ ಮೈ ಮೇಲ್ಭಾಗವನ್ನೂ, ಚೂಪಾದ ಬಾಲ ಕೆಳಭಾಗವನ್ನೂ ತೋರಿಸುತ್ತವೆ. ಈ ಪರೀಕ್ಷೆಯನ್ನು ಬಿಟ್ಟರೆ ಮಡಿಕೆಯ ಎರಡು ತೋಳುಗಳಲ್ಲಿ ಮರುಕಳಿಸಿದ ಒಂದೇ ಶಿಲೆಗೆ ಎರಡು ಹೆಸರು ಬೀಳುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಒತ್ತಡದಿಂದ ಶಿಲೆಯಲ್ಲಿ ಮೂಡುವ ಸೀಳುಗಳ ದಿಕ್ಕು ಬೇರೆ, ಮೂಲ ಪದರದ ದಿಕ್ಕು ಬೇರೆ. ಫಿಲೈಟ್ ಸುಲಭವಾಗಿ ಸೀಳುವ ಮೈಯನ್ನೇ ಪದರವೆಂದು ಭಾವಿಸಿ ಸ್ಟ್ರೈಕ್ (ಪದರ ಹಬ್ಬಿದ ದಿಕ್ಕು) ಮತ್ತು ಡಿಪ್ (ಪದರ ವಾಲಿದ ಕೋನ) ಅಳೆಯಬಾರದು. ಬಣ್ಣದ ಅಥವಾ ಕಣಗಾತ್ರದ ಪಟ್ಟಿ ಸೀಳುಗಳನ್ನು ಅಡ್ಡಹಾಯುತ್ತಿದ್ದರೆ ಆ ಪಟ್ಟಿಯೇ ಪದರ. ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆದುಕೊಳ್ಳಬೇಕು.

ಗ್ರೇವ್ಯಾಕ್‌ನಿಂದ ಫಿಲೈಟ್‌ಗೆ ಬದಲಾವಣೆ ಒಂದೇ ಗೆರೆಯಲ್ಲಿ ಆಗುವುದು ಅಪರೂಪ. ಮೊದಲು ದಪ್ಪ ಗ್ರೇವ್ಯಾಕ್ ಪದರಗಳ ನಡುವೆ ತೆಳು ಫಿಲೈಟ್, ಬಳಿಕ ಎರಡೂ ಸಮಸಮ, ಆಮೇಲೆ ಫಿಲೈಟ್‌ನ ನಡುವೆ ಅಲ್ಲೊಂದು ಇಲ್ಲೊಂದು ಗ್ರೇವ್ಯಾಕ್ ಎಂಬ ಕ್ರಮವಿರುತ್ತದೆ. ಹೀಗಿರುವಾಗ ಪದರಗಳಿಗೆ ಅಡ್ಡಲಾಗಿ ಟೇಪ್ ಹಾಸಿ, ಪ್ರತಿ 10 ಮೀಟರ್ ಉದ್ದದಲ್ಲಿ ಎರಡೂ ಶಿಲೆಗಳ ಪಾಲನ್ನು ಅಳೆದು ಬರೆಯಬೇಕು. ಸಮತಟ್ಟಾದ ನೆಲದಲ್ಲಿ ಪದರಗಳು ಓರೆಯಾಗಿದ್ದರೆ ಟೇಪಿನ ಅಳತೆಯನ್ನು ಡಿಪ್ ಕೋನದ ಸೈನ್‌ನಿಂದ ಗುಣಿಸಿದರೆ ನಿಜವಾದ ದಪ್ಪ ಬರುತ್ತದೆ. ಆಮೇಲೆ ಒಂದು ನಿಯಮವನ್ನು ಆರಿಸಿಕೊಳ್ಳಬೇಕು: ಗ್ರೇವ್ಯಾಕ್‌ನ ಪಾಲು ಅರ್ಧಕ್ಕಿಂತ ಕಡಿಮೆಯಾಗುವ ಜಾಗ, ಅಥವಾ 1 ಮೀಟರ್‌ಗಿಂತ ದಪ್ಪವಿರುವ ಕೊನೆಯ ಗ್ರೇವ್ಯಾಕ್ ಪದರದ ಮೇಲ್ಮೈ. ಈ ಆಯ್ಕೆ ನಿಮ್ಮದೇ ಆದದ್ದು ಎಂಬುದರಲ್ಲಿ ದೋಷವಿಲ್ಲ; ಆಯ್ಕೆಯನ್ನು ಹೇಳದೆ ಗೆರೆ ಎಳೆಯುವುದು ಮಾತ್ರ ದೋಷ. ನನ್ನ ಅಭಿಪ್ರಾಯದಲ್ಲಿ ಎರಡನೆಯ ನಿಯಮವೇ ಮೇಲು, ಏಕೆಂದರೆ ಒಂದು ನಿರ್ದಿಷ್ಟ ಪದರದ ಮೇಲೆ ಕೈಯಿಟ್ಟು ತೋರಿಸಬಹುದು. ಬೆರಕೆ ವಲಯವೇ ನಕ್ಷೆಯಲ್ಲಿ ಬಿಡಿಸುವಷ್ಟು ಅಗಲವಾಗಿದ್ದರೆ ಅದನ್ನೇ ಪ್ರತ್ಯೇಕ ಘಟಕವಾಗಿ ಗುರುತಿಸುವುದೂ ಸಮ್ಮತವೇ.

ಎರಡನೆಯ ಬಗೆ ಅನ್‌ಕನ್ಫಾರ್ಮಿಟಿ, ಅಂದರೆ ಕಾಲದ ಅಂತರವಿರುವ ಗಡಿ. ಕೆಳಗಿನ ಶಿಲೆ ರೂಪುಗೊಂಡು, ಎದ್ದು, ಸವೆದು ಹೋದ ಬಳಿಕ ಮೇಲಿನದು ಅದರ ಮೇಲೆ ಕೂತಿರುತ್ತದೆ. 1788ರಲ್ಲಿ ಸ್ಕಾಟ್ಲೆಂಡಿನ ಸಿಕಾರ್ ಪಾಯಿಂಟ್‌ನಲ್ಲಿ ಜೇಮ್ಸ್ ಹಟನ್ ನೋಡಿದ್ದು ಇಂಥದ್ದನ್ನೇ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ರಾಮದುರ್ಗದಲ್ಲಿ ಕಲಾದಗಿ ಸೂಪರ್‌ಗ್ರೂಪ್‌ನ ಎರಡು ಭಾಗಗಳು ಇದೇ ರೀತಿ ಕೂಡಿವೆ: ಕೆಳಗಿನ ಬಾಗಲಕೋಟೆ ಗ್ರೂಪ್‌ನ ಪದರಗಳು ಮಡಿಕೆಗೊಂಡು ಓರೆಯಾಗಿವೆ, ಅವುಗಳ ಸವೆದ ತುದಿಗಳ ಮೇಲೆ ಬಾದಾಮಿ ಗ್ರೂಪ್‌ನ ಮರಳುಗಲ್ಲು ಬಹುತೇಕ ಅಡ್ಡಲಾಗಿ ಮಲಗಿದೆ. ಪದರಗಳ ಕೋನ ಬೇರೆಯಾಗಿರುವ ಇದನ್ನು ಕೋನೀಯ ಅನ್‌ಕನ್ಫಾರ್ಮಿಟಿ ಎನ್ನುತ್ತಾರೆ. ಪದರಗಳು ಸಮಾಂತರವಾಗಿದ್ದೂ ನಡುವೆ ಸವೆತದ ಮೈ ಇದ್ದರೆ ಡಿಸ್‌ಕನ್ಫಾರ್ಮಿಟಿ. ಕೆಳಗಿರುವುದು ನೈಸ್ ಅಥವಾ ಗ್ರಾನೈಟ್ ಆಗಿದ್ದರೆ ನಾನ್‌ಕನ್ಫಾರ್ಮಿಟಿ. ತಿರುಮಲ ಬೆಟ್ಟದ ಪ್ರಸಿದ್ಧ ಗಡಿ ಈ ಕೊನೆಯ ಬಗೆಯದು.

ಇದನ್ನು ಸಾಬೀತುಪಡಿಸುವ ಮುಖ್ಯ ಸಾಕ್ಷ್ಯ ಮೇಲಿನ ಶಿಲೆಯ ತಳದಲ್ಲಿರುತ್ತದೆ. ಅಲ್ಲಿ ಕಾಂಗ್ಲೋಮರೇಟ್ (ಉರುಟು ಕಲ್ಲುಗಳು ಬೆಸೆದುಕೊಂಡ ಶಿಲೆ) ಇದೆಯೇ, ಅದರ ಉರುಟು ಕಲ್ಲುಗಳಲ್ಲಿ ಕೆಳಗಿನ ಶಿಲೆಯ ತುಂಡುಗಳಿವೆಯೇ ಎಂದು ನೋಡಬೇಕು. ಚಿಕ್ಕಮಗಳೂರಿನ ಬಳಿ ನೈಸ್‌ನ ಮೇಲೆ ಕೂತಿರುವ ಕಾರ್ತಿಕೆರೆ ಕಾಂಗ್ಲೋಮರೇಟನ್ನು ಬಾಬಾಬುಡನ್ ಗ್ರೂಪ್‌ನ, ಆ ಮೂಲಕ ಧಾರವಾಡ ಸೂಪರ್‌ಗ್ರೂಪ್‌ನ, ತಳವೆಂದು ಪರಿಗಣಿಸಿರುವುದು ಇಂಥ ಸಾಕ್ಷ್ಯದಿಂದಲೇ. ಕೆಳಗಿನ ಶಿಲೆಯ ಮೇಲ್ಮೈಯಲ್ಲಿ ಹಳೆಯ ಕಾಲದ ಸವಕಳಿ ಮಣ್ಣಿನ ಪದರ ಉಳಿದಿದ್ದರೆ ಸಾಕ್ಷ್ಯ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಕಾಂಗ್ಲೋಮರೇಟ್ ಕಂಡ ಮಾತ್ರಕ್ಕೆ ಅನ್‌ಕನ್ಫಾರ್ಮಿಟಿ ಎಂದು ತೀರ್ಮಾನಿಸಬಾರದು. ಫಾರ್ಮೇಶನ್ನಿನ ನಡುವೆಯೂ ಕಾಂಗ್ಲೋಮರೇಟ್ ಪದರಗಳು ಬರುತ್ತವೆ.

ಗ್ರಾನೈಟ್ ಮತ್ತು ಶಿಸ್ಟ್ ಕೂಡುವಲ್ಲಿ ತೀರ್ಪು ತಲೆಕೆಳಗಾಗುವ ಸಾಧ್ಯತೆ ಹೆಚ್ಚು. ಗ್ರಾನೈಟ್‌ನಿಂದ ಹೊರಟ ಎಳೆಗಳು ಶಿಸ್ಟ್‌ನ ಒಳಹೊಕ್ಕಿದ್ದರೆ, ಗ್ರಾನೈಟ್‌ನೊಳಗೆ ಶಿಸ್ಟ್‌ನ ತುಂಡುಗಳು ಸಿಕ್ಕಿಕೊಂಡಿದ್ದರೆ, ಗಡಿಯ ಬಳಿ ಶಿಸ್ಟ್ ಕಾವಿಗೆ ಬದಲಾಗಿ ಹೊಸ ಖನಿಜಗಳು ಬೆಳೆದಿದ್ದರೆ ಗ್ರಾನೈಟೇ ಕಿರಿಯದು. ಅದಕ್ಕೆ ವಿರುದ್ಧವಾಗಿ ಗ್ರಾನೈಟ್‌ನ ಕಣ ಮತ್ತು ಕಲ್ಲುಗಳು ಮೇಲಿನ ಶಿಲೆಯಲ್ಲಿದ್ದರೆ ಗ್ರಾನೈಟ್ ಹಿರಿಯದು. ಗಡಿಯಲ್ಲಿ ನುಚ್ಚುನೂರಾದ ಅಥವಾ ಹಿಟ್ಟಾದ ಶಿಲೆ, ಉಜ್ಜಿ ನುಣುಪಾದ ಗೀರುಮೈ, ಎಳೆದು ಉದ್ದವಾದ ಖನಿಜಗಳು ಕಂಡರೆ ಅದು ಜಾರುಗಡಿ. ಚಿತ್ರದುರ್ಗ ಶಿಸ್ಟ್ ಪಟ್ಟಿಯ ಉತ್ತರದ ಮುಂದುವರಿಕೆಯಾದ ಗದಗ ಪಟ್ಟಿಯ ಪೂರ್ವದ ಅಂಚಿನಲ್ಲಿ ಕೆಲಸ ಮಾಡುವವರು ಇದನ್ನು ಸದಾ ನೆನಪಿನಲ್ಲಿಡಬೇಕು. ಧಾರವಾಡ ಕ್ರೇಟಾನ್‌ನ (ಭೂಪದರದ ಪ್ರಾಚೀನ, ಸ್ಥಿರ ಖಂಡ) ಪಶ್ಚಿಮ ಮತ್ತು ಪೂರ್ವ ಭಾಗಗಳನ್ನು ಬೇರ್ಪಡಿಸುವುದೆಂದು ಹಲವರು ಪರಿಗಣಿಸುವ ಗದಗ–ಮಂಡ್ಯ ಶಿಯರ್ ವಲಯ (ಶಿಲೆಗಳು ಜಾರಿ ಎಳೆದುಹೋದ ಪಟ್ಟಿ) ಆ ಅಂಚಿನಲ್ಲೇ ಹಾಯುತ್ತದೆ. ಜಾರುಗಡಿಯಿಂದ ಫಾರ್ಮೇಶನ್ನಿನ ಅಂಚು ತಿಳಿಯುತ್ತದೆ, ಆದರೆ ಅದರ ತಳ ಯಾವುದೆಂದು ತಿಳಿಯುವುದಿಲ್ಲ. ಆದ್ದರಿಂದ ಅಂಥ ಜಾಗವನ್ನು ಫಾರ್ಮೇಶನ್ನಿನ ಮಾದರಿ ಗಡಿಯಾಗಿ ಆರಿಸಬಾರದು.

ಗಡಿಯನ್ನು ನಿಗದಿಪಡಿಸುವುದು

ಓದಿ ಮುಗಿದ ಮೇಲೆ, ಬಾಂದುಕಲ್ಲು ನೆಟ್ಟಂತೆ ಗಡಿಯನ್ನು ಒಂದು ಜಾಗಕ್ಕೆ ಕಟ್ಟಿಹಾಕಬೇಕು. ಇದಕ್ಕಾಗಿ ಆರಿಸುವ ಶಿಲಾಛೇದವನ್ನು ಮಾದರಿ ಛೇದ ಎನ್ನುತ್ತಾರೆ. ಅದು ಸುಲಭವಾಗಿ ತಲುಪುವಂತಿರಬೇಕು, ಬೇಗ ಮುಚ್ಚಿಹೋಗುವಂತಿರಬಾರದು. ಕೆಲಸ ನಡೆಯುತ್ತಿರುವ ಕ್ವಾರಿಗಿಂತ ಹಳ್ಳದ ಗಟ್ಟಿ ಬಂಡೆಯೇ ಉತ್ತಮ; ಕ್ವಾರಿಯ ಗೋಡೆ ಮುಂದಿನ ವರ್ಷ ಅಲ್ಲಿರದೇ ಇರಬಹುದು. ಪ್ರತಿ ಫಾರ್ಮೇಶನ್ನಿನ ತಳಗಡಿಯನ್ನು ಖಚಿತವಾಗಿ ಹೇಳುವುದು ಒಳ್ಳೆಯ ರೂಢಿ. ಮೇಲ್ಗಡಿಯು ಅದರ ಮೇಲಿನ ಘಟಕದ ತಳಗಡಿಯೇ ಆಗಿರುತ್ತದೆ. ಹಾಗೆ ಮಾಡಿದರೆ ಎರಡು ಘಟಕಗಳ ನಡುವೆ ಯಾರಿಗೂ ಸೇರದ ಪದರ ಉಳಿಯುವುದಿಲ್ಲ, ಒಂದೇ ಪದರ ಎರಡಕ್ಕೂ ಸೇರುವುದಿಲ್ಲ.

ವಿವರಣೆಯ ಧಾಟಿ ಹೀಗಿರಲಿ: ‘ತಳಗಡಿಯು ಇಂಥ ಗ್ರಾಮದ ಇಂಥ ದಿಕ್ಕಿಗಿರುವ ಹಳ್ಳದ ಎಡದಂಡೆಯಲ್ಲಿ, 1.2 ಮೀಟರ್ ದಪ್ಪದ ಕಂದು ಪಟ್ಟಿ ಕಬ್ಬಿಣಶಿಲೆಯ ತಳದಲ್ಲಿದೆ. ಗಡಿ ಚೂಪಾಗಿದೆ, ಮೇಲಿನ ಮತ್ತು ಕೆಳಗಿನ ಪದರಗಳು ಸಮಾಂತರವಾಗಿವೆ. ಗಡಿಯ ಕೆಳಗೆ 40 ಮೀಟರ್‌ವರೆಗೆ ಹಸಿರು-ಬೂದು ಫಿಲೈಟ್ ಮಾತ್ರ ಇದೆ. ಕಬ್ಬಿಣಶಿಲೆ ಕಾಣದ ಕಡೆ ಮೊದಲ ಗ್ರೇವ್ಯಾಕ್ ಪದರದ ತಳವನ್ನು ಗಡಿಯೆಂದು ತಿಳಿಯಬೇಕು.’ ಕೊನೆಯ ವಾಕ್ಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗುರುತಿನ ಪದರ ತೆಳುವಾಗಿ ಮಾಯವಾದಾಗ ಗಡಿಯನ್ನು ಹೇಗೆ ಮುಂದುವರಿಸಬೇಕೆಂದು ಹೇಳದಿದ್ದರೆ ಹತ್ತು ಕಿಲೋಮೀಟರ್ ಆಚೆ ಕೆಲಸ ಮಾಡುವವರಿಗೆ ನಿಮ್ಮ ಗಡಿ ಉಪಯೋಗಕ್ಕೆ ಬರುವುದಿಲ್ಲ. ಜೊತೆಗೆ ಜಿಪಿಎಸ್ ಅಂಕಿಗಳು ಮತ್ತು ಅವುಗಳ ಡೇಟಮ್ (ಅಂಕಿಗಳನ್ನು ಅಳೆಯಲು ಆಧಾರವಾದ ಭೂಮಾದರಿ), ಅಳತೆಗೋಲು ಇಟ್ಟು ತೆಗೆದ ಚಿತ್ರ, ಗಡಿಯ ಎರಡೂ ಬದಿಯ ಮಾದರಿಗಳ ಸಂಖ್ಯೆ ಇರಲೇಬೇಕು.

ಹೆಸರಿಡುವುದು

ಭಾರತದಲ್ಲಿ 1971ರ ಸ್ತರವೈಜ್ಞಾನಿಕ ನಾಮಕರಣ ಸಂಹಿತೆ ಇದೆ. 1976ರಲ್ಲಿ ಬಂದು 1994ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದೆ. ಎರಡರ ತಿರುಳು ಒಂದೇ: ಊರು ಅಥವಾ ಶಾಶ್ವತ ಭೂಲಕ್ಷಣದ ಹೆಸರಿನ ಮುಂದೆ ಶಿಲೆಯ ಹೆಸರನ್ನೋ ದರ್ಜೆಯ ಹೆಸರನ್ನೋ ಸೇರಿಸುವುದು. ಬಾಗಲಕೋಟೆ ಗ್ರೂಪ್‌ನಲ್ಲಿರುವ ಸವದತ್ತಿ ಕ್ವಾರ್ಟ್ಜೈಟ್ ಇದಕ್ಕೆ ಒಳ್ಳೆಯ ಉದಾಹರಣೆ. ಆರಿಸುವ ಊರು ಮಾದರಿ ಛೇದದ ಬಳಿಯೇ ಇರಬೇಕು, ಟೋಪೋಶೀಟ್‌ನಲ್ಲಿ ಕಾಣಬೇಕು. ಹೊಲದ ಯಜಮಾನರ ಹೆಸರು, ಕ್ವಾರಿಯ ಹೆಸರು, ಬಡಾವಣೆಯ ಹೆಸರು ಬೇಡ. ಆ ಹೆಸರು ಬೇರೆ ಘಟಕಕ್ಕೆ ಈಗಾಗಲೇ ಬಳಕೆಯಾಗಿದೆಯೇ ಎಂದು ಸರ್ವೇಕ್ಷಣ ಇಲಾಖೆಯ ಪ್ರಕಟಣೆಗಳಲ್ಲಿ ಹುಡುಕಬೇಕು. ಒಂದು ಘಟಕವನ್ನು ಒಡೆದಾಗ ಹಳೆಯ ಹೆಸರನ್ನು ಇಡೀ ಘಟಕಕ್ಕೂ ಅದರ ತುಂಡಿಗೂ ಇಡಬಾರದು. ಅಧಿಕೃತ ಹೆಸರಿನಲ್ಲಿ ‘ಕೆಳ’, ‘ನಡು’, ‘ಮೇಲಿನ’ ಎಂಬ ವಿಶೇಷಣಗಳನ್ನೂ ಬಿಡಬೇಕು, ಏಕೆಂದರೆ ನಾಳೆ ಅದರ ಕೆಳಗೆ ಮತ್ತೊಂದು ಸಿಕ್ಕರೆ ಹೆಸರೇ ಸುಳ್ಳಾಗುತ್ತದೆ.

ನೆಲೆನಿಂತ ಹೆಸರನ್ನು ಊರಿನ ಹೆಸರು ಬದಲಾಯಿತೆಂದು ಬದಲಿಸುವಂತಿಲ್ಲ. ಕ್ಲೋಸ್‌ಪೇಟೆ ರಾಮನಗರವಾಗಿ ಎಷ್ಟೋ ಕಾಲವಾದರೂ ಅಲ್ಲಿಂದ ಉತ್ತರಕ್ಕೆ ಹಬ್ಬಿರುವ ಶಿಲೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ನಮ್ಮ ಊರಿನ ಹೆಸರನ್ನು ಆಂಗ್ಲದಲ್ಲಿ ಬರೆಯುವ ಬಗೆ ಬದಲಾದರೂ ಸೂಪರ್‌ಗ್ರೂಪ್‌ನ ಹೆಸರಿನಲ್ಲಿ ಫೂಟ್ ಅವರ ಕಾಗುಣಿತವೇ ಉಳಿದಿದೆ. ಕನ್ನಡದಲ್ಲಿ ದೊಡ್ಡಕ್ಷರದ ಅನುಕೂಲವಿಲ್ಲದ ಕಾರಣ, ಹೆಸರು ಅಧಿಕೃತವೋ ತಾತ್ಕಾಲಿಕವೋ ಎಂಬುದನ್ನು ವರದಿಯಲ್ಲಿ ಮಾತಿನಲ್ಲೇ ಹೇಳಬೇಕು. ವಿದ್ಯಾರ್ಥಿಯ ಪ್ರಬಂಧದಲ್ಲಿ ‘ಘಟಕ ಅ’, ‘ಘಟಕ ಆ’ ಎಂದು ಬರೆಯುವುದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ಅಪೂರ್ಣ ವಿವರಣೆಯೊಂದಿಗೆ ಹೊಸ ಹೆಸರು ಚಲಾವಣೆಗೆ ಬಂದರೆ ಅದನ್ನು ಹಿಂತೆಗೆಯುವುದು ಬಹಳ ಕಷ್ಟ. ನೈಸ್‌ನಂತೆ ಮೂಲ ಪದರವೇ ಅಳಿಸಿಹೋದ ಶಿಲೆಗೆ ಫಾರ್ಮೇಶನ್ ಎಂಬ ದರ್ಜೆ ಒಪ್ಪುವುದಿಲ್ಲ. ಅಂಥವಕ್ಕೆ ಶಿಲೆಯ ಹೆಸರು ಅಥವಾ ಕಾಂಪ್ಲೆಕ್ಸ್ (ಬೆರಕೆ ಶಿಲಾಸಮೂಹ) ಎಂಬ ಪದ ಸಾಕು.

ಗಡಿಗೇ ಪ್ರತ್ಯೇಕ ಹೆಸರು ಇಡುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ತಿರುಮಲದ ‘ಎಪಾರ್ಕಿಯನ್ ಅನ್‌ಕನ್ಫಾರ್ಮಿಟಿ’ಯಂತೆ ವಿಶಾಲ ಪ್ರದೇಶದಲ್ಲಿ ಗುರುತಿಸಬಹುದಾದ ಕಾಲಾಂತರಕ್ಕೆ ಮಾತ್ರ ಅದು ತಕ್ಕದ್ದು.

ಕಾಲದ ಗಡಿ ಬೇರೆ, ಶಿಲೆಯ ಗಡಿ ಬೇರೆ

ಭೂಕಾಲದ ಗಡಿಗಳನ್ನು ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಜಗತ್ತಿನ ಒಂದು ಜಾಗದ ಒಂದು ಬಿಂದುವಿಗೆ ಕಟ್ಟುತ್ತಾರೆ. ಅಂಥ ಮೊದಲ ಬಿಂದು 1972ರಲ್ಲಿ, ಇಂದಿನ ಚೆಕ್ ಗಣರಾಜ್ಯದ ಕ್ಲೋಂಕ್‌ನಲ್ಲಿ, ಡೆವೋನಿಯನ್ ಕಾಲದ ತಳಕ್ಕಾಗಿ ನಿಗದಿಯಾಯಿತು. 2018ರಲ್ಲಿ ಅಂಗೀಕೃತವಾದ ಮೇಘಾಲಯನ್ ಕಾಲಘಟ್ಟದ ಬಿಂದು ಮೇಘಾಲಯದ ಮಾವ್‌ಮ್ಲು ಗುಹೆಯ ಸುಣ್ಣದ ಕಂಬದಲ್ಲಿದೆ. ಆದರೆ ಆರ್ಕಿಯನ್ ಮತ್ತು ಪ್ರೊಟೆರೊಜೋಯಿಕ್ ಎಂಬ ಪ್ರಾಚೀನ ಭೂಕಾಲಗಳ ನಡುವಿನ ಗಡಿಯನ್ನು 250 ಕೋಟಿ ವರ್ಷ ಎಂಬ ಸಂಖ್ಯೆಯಾಗಿಯೇ ಇರಿಸಲಾಗಿದೆ. ಆ ಸಂಖ್ಯೆಯನ್ನು ತೋರಿಸುವ ಗೆರೆಯನ್ನು ನಮ್ಮ ಯಾವ ಹಳ್ಳದಲ್ಲೂ ಹುಡುಕುವಂತಿಲ್ಲ. ವಯಸ್ಸು ಅಳೆಯಲು ಬಳಸುವ ಜಿರ್ಕಾನ್ ಎಂಬ ಖನಿಜದ ಕಣಗಳ ವಯಸ್ಸು ಸಿಕ್ಕರೆ ಅದನ್ನು ಫಾರ್ಮೇಶನ್ನಿನ ವಿವರಣೆಯ ಜೊತೆ ಬರೆಯಬಹುದು. ಮರಳಿನೊಡನೆ ಬಂದ ಜಿರ್ಕಾನ್‌ಗಳಲ್ಲಿ ಅತಿ ಕಿರಿಯದರ ವಯಸ್ಸಿಗಿಂತ ಆ ಪದರ ಹಳೆಯದಾಗಿರಲಾರದು ಎಂಬುದಷ್ಟೇ ಅದರಿಂದ ತಿಳಿಯುವುದು. ಗಡಿಯನ್ನು ಎಳೆಯಬೇಕಾದದ್ದು ಶಿಲೆಯನ್ನು ನೋಡಿಯೇ.

ನಕ್ಷೆಯ ಮೇಲೆ

ಕಣ್ಣಾರೆ ಕಂಡ ಗಡಿಗೆ ಅಖಂಡ ಗೆರೆ, ಹತ್ತಿರದ ಎರಡು ಬಂಡೆಗಳ ನಡುವೆ ಊಹಿಸಿದ್ದಕ್ಕೆ ತುಂಡು ಗೆರೆ, ಎರೆ ಮಣ್ಣಿನಡಿ ಹುದುಗಿದ್ದಕ್ಕೆ ಚುಕ್ಕಿ ಗೆರೆ ಎಳೆಯಬೇಕು. ಬಾದಾಮಿ ಮರಳುಗಲ್ಲಿನಂತೆ ಅಡ್ಡಲಾಗಿ ಮಲಗಿದ ಪದರದ ಗಡಿ ಸಮೋನ್ನತಿ ರೇಖೆಗಳನ್ನು ಅನುಸರಿಸುತ್ತದೆ. ನೆಟ್ಟಗೆ ನಿಂತ ಪದರದ ಗಡಿ ಗುಡ್ಡ-ಕಣಿವೆಗಳನ್ನು ಲೆಕ್ಕಿಸದೆ ನೇರ ಸಾಗುತ್ತದೆ. ನೀವು ಎಳೆದ ಗೆರೆ ಇದಕ್ಕೆ ಹೊಂದದಿದ್ದರೆ ಡಿಪ್ ಅಳತೆಯನ್ನೋ ಗಡಿಯ ಜಾಗವನ್ನೋ ಮತ್ತೆ ಪರಿಶೀಲಿಸಬೇಕು. ಮುಂದೆ ಯಾರಾದರೂ ನಿಮ್ಮ ಗಡಿಯನ್ನು ಸರಿಸಬೇಕೆಂದರೆ ಹಳೆಯ ಹೆಸರನ್ನು ಉಳಿಸಿಕೊಂಡು, ಗಡಿ ಎಷ್ಟು ಮತ್ತು ಏಕೆ ಸರಿಯಿತೆಂದು ಅದೇ ಮಾದರಿ ಛೇದದಿಂದ ಅಳೆದು ಪ್ರಕಟಿಸಬೇಕು. ಆದ್ದರಿಂದ ಛೇದದ ಅಳತೆಯ ಮೂಲ ಹಾಳೆಗಳನ್ನೂ ಸಂಖ್ಯೆ ಬರೆದ ಮಾದರಿಗಳನ್ನೂ ಮನೆಯಲ್ಲಿಟ್ಟುಕೊಳ್ಳದೆ, ಇತರರು ಕೇಳಿ ನೋಡಬಹುದಾದ ಕಾಲೇಜು ಅಥವಾ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಒಪ್ಪಿಸಿ, ಅದರ ನೋಂದಣಿ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸಬೇಕು.